ಇಲ್ಲದ ಓಟದಲ್ಲಿ ಚಿನ್ನ ಎಲ್ಲಿಂದ ಬರಬೇಕು?

ನಮಸ್ಕಾರ ಮೇಡಂ. ಹೋದ ಸಂಚಿಕೆಯಲ್ಲಿ ನಾರ್ವೆಯ ಗ್ರೆಟೆ ವೈಟ್ಸ್ ಅವರನ್ನು ನಾವು ಹೊಗಳಿದ್ದು ಜಾಸ್ತಿಯಾಯಿತು ಅಂತ ಬರೆದಿದ್ದೀರಿ. ನ್ಯೂಯಾರ್ಕ್ ಮ್ಯಾರಥಾನ್ ಒಂಬತ್ತು ಸಲ ಗೆದ್ದರೇನು, ಒಲಿಂಪಿಕ್ಸ್ ಚಿನ್ನ ಒಂದೂ ಇಲ್ಲವಲ್ಲ ಎಂಬುದು ನಿಮ್ಮ ಮಾತು.

ಚಿನ್ನ ಇಲ್ಲ, ನಿಜ. ಆದರೆ ಆ ಕಾಲ ನೋಡಿ. ಅವರು 1972ರಲ್ಲಿ ಮ್ಯೂನಿಕ್‌ಗೂ 1976ರಲ್ಲಿ ಮಾಂಟ್ರಿಯಲ್‌ಗೂ ಹೋದಾಗ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗಿದ್ದ ಅತಿ ಉದ್ದದ ಓಟವೇ 1500 ಮೀಟರ್. ಅದಕ್ಕಿಂತ ದೂರ ಹೆಣ್ಣಿನ ಮೈ ತಡೆಯುವುದಿಲ್ಲ ಅಂತ ನಂಬಿದವರ ಕಾಲ ಅದು. ಇವರಿಗೋ ದೂರ ಹೆಚ್ಚಿದಷ್ಟೂ ಓಟ ಒಗ್ಗುತ್ತಿತ್ತು.

ನಿಮ್ಮ ಹಾಗೆ ಅವರೂ ಟೀಚರ್. ಬೆಳಗಿನ ಜಾವ ಓಡಿ, ಆಮೇಲೆ ಶಾಲೆಗೆ ಹೋಗುತ್ತಿದ್ದರು. 1978ರಲ್ಲಿ ಓಟ ಸಾಕು ಅನ್ನುವ ಹೊತ್ತಿಗೆ ಗಂಡ ಜ್ಯಾಕ್, ಸುಮ್ನೆ ನ್ಯೂಯಾರ್ಕ್ ನೋಡಿಕೊಂಡಾದರೂ ಬರೋಣ ಬಾ ಅಂತ ಹೊರಡಿಸಿದರು. ಮ್ಯಾರಥಾನ್ ಅಂದರೆ 42 ಕಿಲೋಮೀಟರ್ ಚಿಲ್ಲರೆ. ಅದರ ಅರ್ಧಕ್ಕಿಂತ ಜಾಸ್ತಿ ಅವರು ಒಂದೇ ಸಮನೆ ಓಡಿದವರೇ ಅಲ್ಲ! ಅಲ್ಲಿನ ಫಲಕಗಳೆಲ್ಲ ಮೈಲಿಯಲ್ಲಿ. ಕಿಲೋಮೀಟರ್ ಲೆಕ್ಕದ ಇವರಿಗೆ ಇನ್ನೆಷ್ಟು ಉಳಿದಿದೆ ಅಂತಲೇ ತಿಳಿಯಲಿಲ್ಲ. ತೊಡೆ ಹಿಡಿದುಕೊಂಡಿತು. ನಾಲ್ಕು ಮರ ಕಂಡಾಗಲೆಲ್ಲ ಓಟ ಮುಗಿಯುವ ಸೆಂಟ್ರಲ್ ಪಾರ್ಕ್ ಬಂತು, ಮುಗಿಯಿತು ಅಂದುಕೊಂಡರಂತೆ. ಕೊನೆಗೆ ಗೆರೆ ದಾಟಿದವರೇ ಶೂ ಬಿಚ್ಚಿ ಗಂಡನ ಮೇಲೆ ಎಸೆದರು. ಇನ್ಯಾವತ್ತೂ ಇಂಥದ್ದು ಬೇಡ ಅಂದರು. ಆಗಲೇ 2 ಗಂಟೆ 32 ನಿಮಿಷ 30 ಸೆಕೆಂಡಿನ ವಿಶ್ವದಾಖಲೆ ಅವರದಾಗಿತ್ತು. ಹಳೆಯ ದಾಖಲೆಯಿಂದ ಎರಡು ನಿಮಿಷಕ್ಕಿಂತ ಜಾಸ್ತಿಯೇ ಇಳಿಸಿದ್ದರು. ಮರುವರ್ಷ ಅದನ್ನೇ 2 ಗಂಟೆ 27 ನಿಮಿಷಕ್ಕೆ ತಂದರು.

ಒಲಿಂಪಿಕ್ಸ್‌ಗೆ ಹೆಂಗಸರ ಮ್ಯಾರಥಾನ್ ಬಂದದ್ದು 1984ರಲ್ಲಿ. ಅಷ್ಟರಲ್ಲಿ ಇವರಿಗೆ ಮೂವತ್ತು ದಾಟಿತ್ತು. ಅಮೆರಿಕದ ಜೋನ್ ಬೆನಾಯ್ಟ್ ಚಿನ್ನ ಗೆದ್ದರು, ಇವರು ಬೆಳ್ಳಿ. ಹಿಂದಿನ ವರ್ಷ ಹೆಲ್ಸಿಂಕಿಯಲ್ಲಿ ಹೆಂಗಸರ ಮ್ಯಾರಥಾನ್‌ನ ಮೊದಲ ವಿಶ್ವ ಚಾಂಪಿಯನ್ ಆದವರು ಇವರೇ ಅಲ್ವಾ? ಆ ಓಟ ಎಂಟು ವರ್ಷ ಮೊದಲೇ ಬಂದಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ.

ನನಗೆ ತುಂಬಾ ಇಷ್ಟವಾದದ್ದು ಅವರು ಗೆಲ್ಲದೇ ಹೋದ ಒಂದು ಓಟ. 1992ರಲ್ಲಿ, ಸ್ಪರ್ಧೆಗಳಿಂದ ನಿವೃತ್ತರಾದ ಮೇಲೆ, ಅದೇ ನ್ಯೂಯಾರ್ಕಿನಲ್ಲಿ ಮತ್ತೆ ಓಡಿದರು. ಪಕ್ಕದಲ್ಲಿದ್ದವರು ಆ ಓಟವನ್ನು ಕಟ್ಟಿ ಬೆಳೆಸಿದ, ಮೆದುಳಿನ ಕ್ಯಾನ್ಸರ್‌ ಆಗಿದ್ದ ಫ್ರೆಡ್ ಲೆಬೋ. ಗ್ರೆಟೆ ತಾವು ಎರಡೂವರೆ ಗಂಟೆಯಲ್ಲಿ ಮುಗಿಸುತ್ತಿದ್ದ ದಾರಿಯನ್ನು ಲೆಬೋ ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ಐದೂವರೆ ಗಂಟೆ ಓಡಿ, ಇಬ್ಬರೂ ಒಟ್ಟಿಗೆ ಗೆರೆ ದಾಟಿದರು.

— ಸಂಪಾದಕ