ವಿಮಾನದ ವಯಸ್ಸು ಕೇಳಬೇಡಿ, ಎಷ್ಟು ಸಲ ಹಾರಿದೆ ಕೇಳಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: ‘ವಿಮಾನ ಇಷ್ಟು ವರ್ಷ ಹಳೆಯದಂತೆ, ಹತ್ತಬಹುದೇ?’ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಈ ಸಲ ಒಂದು ಪತ್ರಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವಕ್ಕೆ ಒಂದೆರಡು ಸಾಲು.

ಪ್ರಶ್ನೆ: ಮಗ ಕೆನಡಾದ ಉತ್ತರದ ಗಣಿಯೊಂದರಲ್ಲಿ ಎಂಜಿನಿಯರ್. ಎರಡು ವಾರಕ್ಕೊಮ್ಮೆ ಅವನನ್ನು ಕರೆದೊಯ್ಯುವ ವಿಮಾನ ಬೋಯಿಂಗ್ 737-200, ನಲವತ್ತು ವರ್ಷ ದಾಟಿದೆಯಂತೆ. ಹದಿನೈದು ವರ್ಷ ಮೀರಿದ ವಿಮಾನ ಹತ್ತಲೇಬಾರದು ಎಂದು ಯೂಟ್ಯೂಬ್‌ನಲ್ಲಿ ಒಬ್ಬರು ಹೇಳಿದ್ದನ್ನು ಕೇಳಿದಾಗಿನಿಂದ ನಿದ್ದೆಯಿಲ್ಲ. ಕೆಲಸ ಬಿಡು ಅನ್ನಲೇ? – ಒಬ್ಬ ತಾಯಿ, ಹುಬ್ಬಳ್ಳಿ

ಬೇಡಿ ತಾಯಿ, ಆ ಮಾತು ಹೇಳಬೇಡಿ. ಆ ವಿಡಿಯೊದವರು ಕಾರಿನ ಆರ್‌ಸಿ ಲೆಕ್ಕವನ್ನು ವಿಮಾನಕ್ಕೆ ಹಚ್ಚಿದ್ದಾರೆ. ವಿಮಾನ ರಿಪೇರಿ ಮಾಡುವ ಹ್ಯಾಂಗರಿನೊಳಗೆ ಒಂದು ರಾತ್ರಿ ಕಳೆದವರು ಯಾರೂ ಹಾಗೆ ಮಾತಾಡುವುದಿಲ್ಲ. ಹೆತ್ತವರ ನಿದ್ದೆ ಕೆಡಿಸಿ ವೀಕ್ಷಕರನ್ನು ಸೇರಿಸುವ ಇಂಥವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಮ್ಮ ರಾಜ್ಯವೇ ಕಂಡ ಎರಡು ದುರಂತ ನೆನಪಿಸಿಕೊಳ್ಳಿ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಬಳಿ ಬಿದ್ದು 92 ಜನ ಸತ್ತ ಏರ್‌ಬಸ್ ಎ320, ಕಂಪನಿಯ ಕೈಸೇರಿ ಎರಡು ತಿಂಗಳಾಗಿತ್ತಷ್ಟೆ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರ ಜೀವ ಹೋದ ವಿಮಾನಕ್ಕೆ ಮೂರು ವರ್ಷವೂ ತುಂಬಿರಲಿಲ್ಲ. 2000ದ ಜುಲೈನಲ್ಲಿ ಪಟ್ನಾದಲ್ಲಿ 20 ವರ್ಷದ 737-200 ಬಿದ್ದಾಗ ಮಾತ್ರ ಎಲ್ಲರೂ ವಯಸ್ಸನ್ನೇ ದೂರಿದರು. ಇಳಿಸುವಾಗ ಪೈಲಟ್‌ಗಳಿಂದ ಆದ ತಪ್ಪು ಎಂದು ತನಿಖೆ ಹೇಳಿದ್ದು ಯಾರಿಗೂ ನೆನಪಿಲ್ಲ.

ಹಾಗಾದರೆ ಹಳೆಯದಾದರೂ ಚಿಂತೆಯೇ ಇಲ್ಲವೇ? ಇದೆ. ಆದರೆ ವಿಮಾನ ರಿಪೇರಿಯವರಾದ ನಾವು ಎಣಿಸುವುದು ವರ್ಷವನ್ನಲ್ಲ, ಸೈಕಲ್‌ಗಳನ್ನು. ಒಮ್ಮೆ ಏರಿ ಇಳಿದರೆ ಒಂದು ಸೈಕಲ್. ಮೇಲೇರಿದಾಗ ಒಳಗಿನ ಗಾಳಿಯ ಒತ್ತಡಕ್ಕೆ ವಿಮಾನದ ಮೈ ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. ಲೋಹ ದಣಿಯುವುದು ಹೀಗೆ.

1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ 737-200ರ ಮುಂಭಾಗದ ಚಾವಣಿ 24,000 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಗಗನಸಖಿಯೊಬ್ಬರು ಗಾಳಿಗೆ ಹಾರಿಹೋದರು, ಉಳಿದ 94 ಜನ ಬದುಕಿ ಇಳಿದರು. ಅದಕ್ಕೆ ಆಗ ಬರೀ 19 ವರ್ಷ, ಆದರೆ ಹಾರಾಟ 89,680! ದಿನಕ್ಕೆ ಸುಮಾರು 13 ಸಲ, ದ್ವೀಪದಿಂದ ದ್ವೀಪಕ್ಕೆ, ಸಮುದ್ರದ ಉಪ್ಪುಗಾಳಿಯಲ್ಲಿ. ತಗಡಿನ ಜೋಡಣೆಗೆ ಹಾಕಿದ್ದ ಅಂಟು ಬಿಟ್ಟು, ಭಾರವೆಲ್ಲ ರಿವೆಟ್‌ಗಳ (ತಗಡು ಬಿಗಿದ ಮೊಳೆಗಳ) ಮೇಲೆ ಬಿದ್ದು, ಸಾಲಿನುದ್ದಕ್ಕೂ ಸಣ್ಣ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡವು. ಹಳೆಯ ವಿಮಾನಗಳ ತಪಾಸಣೆ ಬಿಗಿಯಾದದ್ದು ಅಲ್ಲಿಂದಲೇ. ದಣಿವಿನ ಲೆಕ್ಕದಲ್ಲಿ ಒಂದು ಮಾದರಿ ಎಷ್ಟು ಹಾರಬಹುದು ಎಂಬುದಕ್ಕೆ ಮಿತಿ ಕಟ್ಟಬೇಕೆಂಬ ನಿಯಮವನ್ನು ಅಮೆರಿಕ 2010ರಲ್ಲಿ ತಂದಿತು.

ತಪಾಸಣೆ ಎಂದರೆ ಟಾರ್ಚ್ ಹಿಡಿದು ಸುತ್ತು ಹಾಕುವುದಲ್ಲ. ಸಂದೇಹದ ಜೋಡಣೆಯಲ್ಲಿ ಕಣ್ಣಿಗೆ ಕಾಣದ ಬಿರುಕನ್ನು ವಿದ್ಯುತ್ತಿನಿಂದ ಪತ್ತೆಹಚ್ಚುವ, ಪೆನ್ನಿನಂಥ ಎಡ್ಡಿ ಕರೆಂಟ್ ಪ್ರೋಬನ್ನು ಒಂದೊಂದು ರಿವೆಟ್ಟಿನ ಸುತ್ತಲೂ ಆಡಿಸಬೇಕು. ಒಂದು ರಾತ್ರಿ ಹೀಗೆ ಸಾಲು ಹಿಡಿದು ಹೋಗುವಾಗ ಮೀಟರಿನ ಮುಳ್ಳು ಚಕ್ಕನೆ ಹಾರಿತು. ಬಣ್ಣ ತೆಗೆದು, ಭೂತಗನ್ನಡಿ ಇಟ್ಟು ನೋಡಿದರೆ ರಿವೆಟ್ಟಿನ ಅಂಚಿನಿಂದ ಕೂದಲೆಳೆಯಂಥ ಗೆರೆ, ಅರ್ಧ ಅಕ್ಕಿಕಾಳಿನಷ್ಟು ಉದ್ದ. ಬರಿಗಣ್ಣಿಗೆ ಏನೂ ಇರಲಿಲ್ಲ.

ವಯಸ್ಸಿಗಿಂತ ನನಗೆ ಹೆದರಿಕೆ ಕೆಟ್ಟ ರಿಪೇರಿಯದು. ಚೈನಾ ಏರ್‌ಲೈನ್ಸ್‌ನ 747 ಒಂದರ ಬಾಲ 1980ರಲ್ಲಿ ರನ್‌ವೇಗೆ ಉಜ್ಜಿತ್ತು. ಗೀರಿದ ತಗಡನ್ನು ಕತ್ತರಿಸಿ ತೆಗೆಯದೆ ಮೇಲೊಂದು ತೇಪೆ ಹಾಕಿದರು. 22 ವರ್ಷದ ನಂತರ ಆ ವಿಮಾನ ಆಕಾಶದಲ್ಲೇ ಒಡೆದು 225 ಜನ ಸತ್ತರು. ಹಿಂದಿನ ತಪಾಸಣೆಯ ಫೋಟೊಗಳಲ್ಲಿ ಆ ತೇಪೆಯ ಸುತ್ತ ಕಂದು ಕಲೆ ಕಾಣುತ್ತದೆ. ವಿಮಾನದಲ್ಲಿ ಸಿಗರೇಟ್ ಸೇದುತ್ತಿದ್ದ ಕಾಲದ ಹೊಗೆ ಬಿರುಕಿನಲ್ಲಿ ಸೋರಿ ಮಾಡಿದ ಕಲೆ! ಅದರ ಅರ್ಥ ಯಾರಿಗೂ ಹೊಳೆಯಲಿಲ್ಲ. ನಾನು ಕೆಲಸ ಮಾಡಿದ ಕಡೆಯೊಂದರಲ್ಲೂ ದಾಖಲೆಯಿಲ್ಲದ ತೇಪೆಯೊಂದಕ್ಕೆ ‘ಕಾಗದ ಆಮೇಲೆ ಬರುತ್ತೆ, ಸಹಿ ಹಾಕ್ರಿ’ ಎಂದಿದ್ದರು. ಹಾಕಲಿಲ್ಲ. ಬಡ್ತಿ ಹೋಯಿತು. ಅದಕ್ಕೆ ಇಂದಿಗೂ ಬೇಸರವಿಲ್ಲ.

ಇನ್ನು ನಿಮ್ಮ ಮಗನ ವಿಮಾನ. 737-200ರ ತಯಾರಿಕೆ 1988ಕ್ಕೇ ನಿಂತಿತು. ಆದರೂ ಅಲ್ಲಿ ಅದು ಹಾರುತ್ತಿರುವುದು ಹೊಸದಕ್ಕೆ ದುಡ್ಡಿಲ್ಲದೆ ಅಲ್ಲ. ಆ ಗಣಿಗಳ ಎಷ್ಟೋ ರನ್‌ವೇಗಳಿಗೆ ಡಾಂಬರಿಲ್ಲ, ಬರೀ ಜಲ್ಲಿ. ಈ ಮಾದರಿಗೆ ಬೋಯಿಂಗ್ ಜಲ್ಲಿ ಕಿಟ್ ಮಾಡಿಕೊಟ್ಟಿತ್ತು: ಮುಂದಿನ ಚಕ್ರದ ಹಿಂದೆ ಕಲ್ಲು ಸಿಡಿಯದಂತೆ ಅಗಲ ಹಲಗೆ, ಎಂಜಿನ್ ಬಾಯಿಯ ಮುಂದೆ ಚಾಚಿದ ಸಣ್ಣ ಕೊಳವೆ. ಎಂಜಿನ್ ಸೆಳೆತಕ್ಕೆ ನೆಲದಿಂದ ಸುಳಿಗಾಳಿ ಏಳದಂತೆ ಆ ಕೊಳವೆ ಗಾಳಿ ಊದುತ್ತದೆ. ಹೊಸ 737ಗಳ ದಪ್ಪ ಎಂಜಿನ್‌ಗಳು ನೆಲಕ್ಕೆ ಹತ್ತಿರ ತೂಗುತ್ತವೆ, ಜಲ್ಲಿಯ ಮೇಲೆ ಅವುಗಳ ಆಟ ನಡೆಯದು. ಗಣಿಯ ವಿಮಾನ ಅಲೋಹಾದಂತೆ ದಿನಕ್ಕೆ 13 ಸಲ ಏರಿಳಿಯುವುದೂ ಇಲ್ಲ. ಕೆನಡಾದಲ್ಲಿ ತಪಾಸಣೆಯೂ ಕಟ್ಟುನಿಟ್ಟು. ನನ್ನ ಮಗನಾಗಿದ್ದರೂ ಕಳಿಸುತ್ತಿದ್ದೆ.

ಆದರೆ ಐರೋಪ್ಯ ಒಕ್ಕೂಟ ತನ್ನ ಆಕಾಶಕ್ಕೆ ಬಿಡದ ವಿಮಾನ ಕಂಪನಿಗಳ ಪಟ್ಟಿಯೊಂದು ಇದೆ. ಅದರಲ್ಲಿರುವ ಕಂಪನಿ ನಿನ್ನೆ ಕೊಂಡ ವಿಮಾನ ತಂದು ನಿಲ್ಲಿಸಿದರೂ ನಾನು ಹತ್ತುವುದಿಲ್ಲ.

ಪ್ರಶ್ನೆ: ಸೀಟು ಹರಿದಿತ್ತು, ಬಣ್ಣ ಮಾಸಿತ್ತು. ವಿಮಾನ ಹಳೆಯದೇ?

ಸೀಟು, ಬಣ್ಣದಿಂದ ಏನೂ ತಿಳಿಯದು.

ಪ್ರಶ್ನೆ: ಎಸಿಯಿಂದ ಬಿಳಿ ಹೊಗೆ ಬಂತು.

ವಾಸನೆಯಿಲ್ಲದಿದ್ದರೆ ಅದು ಮಂಜು. ಸೆಕೆಯ ಊರಲ್ಲಿ ಹೊಸ ವಿಮಾನದಲ್ಲೂ ಬರುತ್ತದೆ.

ಪ್ರಶ್ನೆ: ಬಿರುಕಿನಂಥದ್ದು ಕಂಡರೆ ಸಿಬ್ಬಂದಿಗೆ ಹೇಳಬಹುದೇ? ನಗುತ್ತಾರೇನೋ.

ನಗಲಿ, ಹೇಳಿ. ಅಲೋಹಾ ವಿಮಾನ ಹತ್ತುವಾಗ ಪ್ರಯಾಣಿಕರೊಬ್ಬರಿಗೆ ಬಾಗಿಲ ಪಕ್ಕದ ಬಿರುಕು ಕಂಡಿತ್ತು. ಅವರು ಯಾರಿಗೂ ಹೇಳದೆ ಒಳಗೆ ಹೋಗಿ ಕುಳಿತರು.