ಪುಡಿ ಪಾತ್ರದಿಂದ ಟೋನಿವರೆಗೆ

ಪ್ರಶ್ನೆ: ನಾನು ಹಾಡು ಬರೆಯುತ್ತೇನೆ, ಗೆಳೆಯ ರಾಗ ಹಾಕುತ್ತಾನೆ. ಸ್ವಂತ ಸಂಗೀತ ನಾಟಕ ಮಾಡುವಾಸೆ. ದುಡ್ಡಿಲ್ಲ, ಹೆಸರೂ ಇಲ್ಲ. ಎಲ್ಲಿಂದ ಶುರು ಮಾಡೋಣ ಸಾರ್?
– ಓದುಗ, ಧಾರವಾಡ

ಉತ್ತರ: ಪೂರ್ತಿ ನಾಟಕ ಆಮೇಲೆ ನೋಡೋಣ ಮಾರಾಯ್ರೇ! ಅಮೆರಿಕದಲ್ಲಿ ಸಂಗೀತ ನಾಟಕಕ್ಕೆ ಹಾಡು ಕಟ್ಟುವ ಜೋಡಿ ಬೆಂಜ್ ಪಾಸೆಕ್, ಜಸ್ಟಿನ್ ಪಾಲ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಕಾಲೇಜು ನಾಟಕದಲ್ಲಿ ಇಬ್ಬರಿಗೂ ಸಿಕ್ಕಿದ್ದು ಪುಡಿ ಪಾತ್ರ. ಆ ಬೇಜಾರಿಗೆ ತಾವೇ ಹಾಡು ಕಟ್ಟಿದರು. 2005ರ ‘ಎಡ್ಜಸ್’ ಎಂಬ ರಂಗಪ್ರಯೋಗ ಹುಟ್ಟಿದ್ದು ಹಾಗೆ. ಉದ್ದ ಕಥೆಯೇ ಇಲ್ಲ, ಬಿಡಿ ಹಾಡುಗಳ ಸರಣಿ. ನಾಲ್ಕೇ ಗಾಯಕರು ಸಾಕು. ಹಾಗಾಗಿ ಬೇರೆ ಕಾಲೇಜಿನವರೂ ಆಡಿದರು. 2017ರಲ್ಲಿ ಇದೇ ಜೋಡಿಗೆ ಅಮೆರಿಕದ ರಂಗಭೂಮಿಯ ದೊಡ್ಡ ಪ್ರಶಸ್ತಿ ಟೋನಿ ಬಂತು, ಬೇರೆ ನಾಟಕಕ್ಕೆ.

ನೀವೂ ಐದಾರು ಹಾಡು ಹಿಡಿದು, ಹಾರ್ಮೋನಿಯಂ ಇಟ್ಟುಕೊಂಡು, ಯಾರದಾದರೂ ಮಹಡಿ ಮೇಲೆ ಹಾಡಿ ನೋಡಿ. ಕೇಳುವವರು ಫೋನ್ ತೆಗೆದರೆ ಆ ಹಾಡು ಕತ್ತರಿಸಿ. ನಿಮಗೆಷ್ಟೇ ಇಷ್ಟವಾದರೂ ಸರಿ. ಹಕ್ಕು ಯಾರಿಗೆಷ್ಟು ಅಂತ ಮಾತ್ರ ಈಗಲೇ ಬರೆದಿಟ್ಟುಕೊಳ್ಳಿ.