ಸಂಪಾದಕರ ಉತ್ತರ: ಡೈರಿ ಬೇಡ, ದನಿ ಕೇಳಿ

ಮುಂಬಯಿ ಮಹಾನಗರ ಪಾಲಿಕೆಯ ಕನ್ನಡ ಶಾಲೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ತರಬೇತಿಯಲ್ಲಿ ಆತ್ಮಾವಲೋಕನದ ಡೈರಿ ಇಡಲು ಹೇಳಿದರು, ಇಟ್ಟೆ. 'ಇಂದು ಪಾಠ ಚೆನ್ನಾಗಾಯಿತು', 'ಮಕ್ಕಳು ಗಮನ ಕೊಡಲಿಲ್ಲ' ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಇದರಿಂದ ನನ್ನ ಪಾಠ ಹೇಗೆ ಬದಲಾಗಬೇಕು?"

ಬದಲಾಗುವುದಿಲ್ಲ ಮೇಡಂ. ಸಂಜೆ ಲೋಕಲ್ ಗಾಡಿಯಲ್ಲಿ ನೆನಪು ಮಾಡಿಕೊಂಡು ಬರೆದರೆ ಕಾಗದದ ಮೇಲೆ ಇಳಿಯುವುದು ಪಾಠವಲ್ಲ, ಆ ಹೊತ್ತಿನ ನಮ್ಮ ಮೂಡು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆ ಇರಲಿ ಎನ್ನುತ್ತದೆ. ಅದರಲ್ಲೊಂದು ಗಂಟೆ ನಿಮ್ಮದೇ ತರಗತಿಯ ದನಿ ಕೇಳಿಸಿಕೊಳ್ಳಲು ಸಿಕ್ಕಿದ್ದರೆ ಸಾಕಿತ್ತು. (ಕೊಡುವವರು ಯಾರು ಅನ್ನಿ.)

ಮೇಜಿನ ಮೇಲೆ ಮೊಬೈಲ್ ಇಟ್ಟು ಹದಿನೈದು ನಿಮಿಷ ರೆಕಾರ್ಡ್ ಮಾಡಿ. ಆಮೇಲೆ ಒಂದನ್ನು ಮಾತ್ರ ಗಮನಿಸಿ: ಪ್ರಶ್ನೆ ಕೇಳಿದ ಮೇಲೆ ನೀವು ಎಷ್ಟು ಹೊತ್ತು ಸುಮ್ಮನಿರುತ್ತೀರಿ? ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದಾಗ, ಶಿಕ್ಷಕರು ಸರಾಸರಿ ಒಂದೇ ಸೆಕೆಂಡು ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಲ್ಲಿ ಉತ್ತರಗಳು ಉದ್ದವಾದವು, "ಗೊತ್ತಿಲ್ಲ" ಕಡಿಮೆಯಾಯಿತು, ಬಾಯಿ ಬಿಡದಿದ್ದ ಮಕ್ಕಳೂ ಮಾತಾಡಿದರು. ಚುಚ್ಚುವ ಸಂಗತಿ ಇನ್ನೊಂದಿದೆ. ಜಾಣರೆಂದುಕೊಂಡ ಮಕ್ಕಳಿಗೆ ಶಿಕ್ಷಕರು ಹೆಚ್ಚು ಹೊತ್ತು ಕಾಯುತ್ತಿದ್ದರು, ದಡ್ಡರೆಂದುಕೊಂಡವರಿಗೆ ಕಡಿಮೆ.

ನಮ್ಮ ಮುಂಬಯಿಯಲ್ಲಿ ಇದು ಇನ್ನೂ ಗಂಭೀರ. ಒಬ್ಬಳ ಮನೆಯಲ್ಲಿ ತುಳು. ಇನ್ನೊಬ್ಬನ ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಯಾದಗಿರಿಯಿಂದ ಬಂದವರು. ಚಾಳಿನಲ್ಲಿ ಎಲ್ಲರಿಗೂ ಹಿಂದಿ. ಕೈಯಲ್ಲಿರುವುದು ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಪುಣೆಯ ಬಾಲಭಾರತಿಯ ಪುಸ್ತಕ, ಅದರ ಗ್ರಾಂಥಿಕ ಕನ್ನಡ. ತಲೆಯಲ್ಲಿರುವ ಉತ್ತರ ಆ ಕನ್ನಡದಲ್ಲಿ ನಾಲಿಗೆಗೆ ಬರುವಷ್ಟರಲ್ಲಿ ನೀವು ಪಕ್ಕದ ಬೆಂಚಿಗೆ ದಾಟಿರುತ್ತೀರಿ. "ಗಮನ ಕೊಡಲಿಲ್ಲ" ಎಂದು ಡೈರಿಗೆ ಹತ್ತಿದವರಲ್ಲಿ ಇಂಥವರೆಷ್ಟು ಮಂದಿಯೋ.

ಏಳೆಂಟಲಿ ಎಷ್ಟು ಎಂದು ಕೇಳಿ ಕಾಯುತ್ತ ನಿಲ್ಲಬೇಕಿಲ್ಲ. ಏಕೆ, ಹೇಗೆ ಎಂಬ ಪ್ರಶ್ನೆಗಳಿಗೆ ಮಾತ್ರ ಮನಸ್ಸಿನಲ್ಲೇ ಮೂರು ಎಣಿಸಿ. ಮಗು ಉತ್ತರಿಸಿದ ಮೇಲೂ ತಕ್ಷಣ "ಶಾಬಾಶ್" ಎನ್ನದೆ ಇನ್ನೊಮ್ಮೆ ಎಣಿಸಿ. ಹೆಚ್ಚಿನ ಮಾತು ಹೊರಡುವುದು ಆಗಲೇ. ಮೊದಮೊದಲು ಮುಜುಗರವಾಗುತ್ತದೆ, ಟೀಚರಿಗೆ ಪಾಠ ಮರೆಯಿತೆಂದು ಹಿಂದಿನ ಬೆಂಚಿನವರು ನಕ್ಕಾರು. ಎರಡು ವಾರ ಬಿಟ್ಟು ಮತ್ತೆ ರೆಕಾರ್ಡ್ ಮಾಡಿ. ಇದೊಂದು ಅಭ್ಯಾಸ ಕೂರುವ ತನಕ ಬೇರೆ ಸುಧಾರಣೆಗೆ ಕೈ ಹಾಕಬೇಡಿ.

ಕೇಳುವಾಗ ನಂಬಿಕೆಯ ಸಹೋದ್ಯೋಗಿಯೊಬ್ಬರು ಜೊತೆಗಿದ್ದರೆ ಒಳ್ಳೆಯದು. ಮುಖ್ಯೋಪಾಧ್ಯಾಯರು ಬೇಡ, ಅದು ತಪಾಸಣೆಯಾಗಿಬಿಡುತ್ತದೆ. ಕೇಳಿಯಾದ ಮೇಲೆ ಅಳಿಸಿಬಿಡಿ. ಮಕ್ಕಳ ದನಿ ಯಾವ ವಾಟ್ಸಾಪ್ ಗುಂಪಿಗೂ ಹೋಗಕೂಡದು.